ಕ್ಯಾಬ್ರಮಟ್ಟದ ಸೊಪ್ಪಿನ ಅಂಗಡಿಗಳು

ಸಿಡ್ನಿಯಲ್ಲಿ ನೆಲೆಸಿದ ಮಕ್ಕಳ ಮನೆಗೆ ಮೂರು ತಿಂಗಳೋ ಆರು ತಿಂಗಳೋ ಹೋಗಿಬರುವ ಕನ್ನಡದ ತಂದೆತಾಯಂದಿರು ಇಂದು ವಿರಳವೇನಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮತ್ತು ಸಿಡ್ನಿಗಳ ನಡುವೆ ನೇರ ವಿಮಾನ ಆರಂಭವಾದ ಮೇಲೆ ಈ ದೀರ್ಘ ಪ್ರಯಾಣದ ಆಯಾಸವೂ ಒಂದಿಷ್ಟು ತಗ್ಗಿದೆ. ಹೀಗೆ ಹೋದವರು ಒಪೆರಾ ಹೌಸ್, ಹಾರ್ಬರ್ ಸೇತುವೆ, ಬಾಂಡೈ ಕಡಲತೀರ, ಬ್ಲೂ ಮೌಂಟನ್ಸ್ ಬೆಟ್ಟಸಾಲುಗಳನ್ನು ಮೊದಲ ಎರಡು ವಾರಗಳಲ್ಲಿಯೇ ನೋಡಿ ಮುಗಿಸುತ್ತಾರೆ. ಆಮೇಲೆ ಮಕ್ಕಳು ಕೆಲಸಕ್ಕೂ ಮೊಮ್ಮಕ್ಕಳು ಶಾಲೆಗೂ ಹೊರಟುಹೋದ ಹಗಲುಗಳಲ್ಲಿ ಎಲ್ಲಿಗೆ ಹೋಗಬೇಕು, ಏನನ್ನು ನೋಡಬೇಕು ಎಂಬ ಪ್ರಶ್ನೆ ಅವರನ್ನು ಕಾಡುತ್ತದೆ. ಪ್ರವಾಸಿ ಕೈಪಿಡಿಗಳು ಇದಕ್ಕೆ ಇನ್ನಷ್ಟು ಕಡಲತೀರಗಳ ಹೆಸರು ಹೇಳುತ್ತವೆ. ಈ ಅಂಕಣದ ಉತ್ತರ ಬೇರೆ: ಒಂದು ಪೂರ್ತಿ ಹಗಲನ್ನು ನಗರದ ನೈಋತ್ಯದಲ್ಲಿರುವ ಕ್ಯಾಬ್ರಮಟ್ಟ ಎಂಬ ಬಡಾವಣೆಗೆ ಮೀಸಲಿಡಬೇಕು, ಅದರಲ್ಲೂ ಅಲ್ಲಿನ ಸೊಪ್ಪು ತರಕಾರಿ ಅಂಗಡಿಗಳಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕು.

ಆಸ್ಟ್ರೇಲಿಯದಲ್ಲಿ 'ಸಬರ್ಬ್' ಎಂದರೆ ಊರಾಚೆಯ ಹೊರವಲಯ ಎಂದಷ್ಟೇ ಅರ್ಥವಲ್ಲ. ಮಲ್ಲೇಶ್ವರ, ಬಸವನಗುಡಿಗಳಂತೆ ತನ್ನದೇ ಹೆಸರು, ತನ್ನದೇ ಪೇಟೆಬೀದಿ ಇರುವ ನಗರದ ಯಾವುದೇ ಭಾಗಕ್ಕೂ ಅಲ್ಲಿ ಆ ಹೆಸರು ಸಲ್ಲುತ್ತದೆ. ನಗರವೆಂಬುದು ಇಂಥ ನೂರಾರು ಬಡಾವಣೆಗಳ ಕೂಟ. ಕ್ಯಾಬ್ರಮಟ್ಟ ನಗರದ ನಡುಭಾಗದಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಫೇರ್‌ಫೀಲ್ಡ್ ನಗರಸಭೆಯ ವ್ಯಾಪ್ತಿಯಲ್ಲಿದೆ. ಜನಸಂಖ್ಯೆ ಸುಮಾರು 21,000. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಜನ ವಿಯೆಟ್ನಾಮಿನಲ್ಲಿ ಹುಟ್ಟಿದವರು. ಉಳಿದವರಲ್ಲಿ ಕಾಂಬೋಡಿಯ, ಲಾವೋಸ್, ಚೀನಾ, ಥಾಯ್ಲೆಂಡ್ ಮೂಲದವರೂ, ಹಿಂದಿನ ತಲೆಮಾರಿನ ಯುರೋಪಿಯನ್ ವಲಸಿಗರೂ, ಇತ್ತೀಚೆಗೆ ಬಂದ ಇರಾಕಿನ ಕುಟುಂಬಗಳೂ ಸೇರಿದ್ದಾರೆ. 2021ರ ಜನಗಣತಿಯಂತೆ ಆಸ್ಟ್ರೇಲಿಯದ ನಿವಾಸಿಗಳಲ್ಲಿ ಶೇಕಡಾ 27.6ರಷ್ಟು ಜನ ಹೊರದೇಶದಲ್ಲಿ ಹುಟ್ಟಿದವರು, ಅವರ ಪೈಕಿ ಇಂಗ್ಲೆಂಡಿನವರ ನಂತರದ ಸ್ಥಾನ ಭಾರತದಲ್ಲಿ ಹುಟ್ಟಿದವರದು ಎಂಬುದನ್ನು ನೆನೆದರೆ, ಇಂಥ ಬಡಾವಣೆಯೊಂದು ಹೇಗೆ ರೂಪುಗೊಂಡಿತು ಎಂದು ಅರಿಯುವುದು ಕನ್ನಡಿಗರಿಗೆ ದೂರದ ವಿಚಾರವಲ್ಲ.

ಊರಿನ ಹೆಸರೇ ಆಹಾರದಿಂದ ಬಂದದ್ದು. ಈ ನೆಲದ ಮೂಲನಿವಾಸಿಗಳಾದ ಡಾರುಗ್ ಜನರ ಭಾಷೆಯಲ್ಲಿ 'ಕ್ಯಾಬ್ರ' ಎಂಬುದು ನೀರಿನಲ್ಲಿ ಮುಳುಗಿದ ಮರದ ದಿಮ್ಮಿಗಳನ್ನು ಕೊರೆದು ಬದುಕುವ, ಹುಳುವಿನಂತೆ ಕಾಣುವ, ತಿನ್ನಲು ಯೋಗ್ಯವಾದ ಒಂದು ಜೀವಿ. 'ಮಟ್ಟ' ಎಂದರೆ ನೀರಿನೊಳಕ್ಕೆ ಚಾಚಿದ ನೆಲ ಎಂದು ವಿವರಿಸುವುದುಂಟು. ಹತ್ತಿರದ ಪರಮಟ್ಟದ ಹೆಸರಿನ ಕೊನೆಯಲ್ಲಿ ಬರುವುದೂ ಇದೇ ಬಗೆಯ ಪದ. ಈ ಆಹಾರವನ್ನು ತೊರೆಯಿಂದ ಸಂಗ್ರಹಿಸುತ್ತಿದ್ದ ಕುಲವನ್ನು ಕ್ಯಾಬ್ರೊಗಲ್ ಎಂದು ಕರೆಯುತ್ತಿದ್ದರು. ಹೀಗೆ ನೂರು ಬಗೆಯ ತಿನಿಸುಗಳಿಗೆ ಹೆಸರಾದ ಈ ಬಡಾವಣೆಯ ಮೊದಲ ಊಟ ಅಲ್ಲಿನ ತೊರೆಯದ್ದೇ ಆಗಿತ್ತು. ಆ ಊಟವನ್ನು ಬಲ್ಲವರಿಂದ ನೆಲ ಕೈತಪ್ಪಿದ ಮೇಲೆಯೇ ಉಳಿದವರ ಕಥೆ ಶುರುವಾಗುತ್ತದೆ ಎಂಬುದನ್ನು ಬೀದಿಗಿಳಿಯುವ ಮೊದಲೇ ತಿಳಿದಿರುವುದು ಉಚಿತ.

ಏಷ್ಯಾದ ಜನ ಇಲ್ಲಿ ಹೇಗೆ ನೆಲೆಸಿದರು ಎಂಬುದಕ್ಕೆ ಕಾನೂನಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. 1901ರಲ್ಲಿ ಆಸ್ಟ್ರೇಲಿಯದ ವಸಾಹತುಗಳು ಒಂದು ಒಕ್ಕೂಟವಾದ ಬೆನ್ನಿಗೇ ಅಲ್ಲಿನ ಸಂಸತ್ತು ವಲಸೆ ನಿರ್ಬಂಧ ಕಾಯಿದೆಯನ್ನು ಜಾರಿಗೆ ತಂದಿತು. ಬಣ್ಣದ ಹೆಸರೆತ್ತದೆಯೇ ಬಿಳಿಯರಲ್ಲದವರನ್ನು ಹೊರಗಿಡುವ ಉಪಾಯ ಅದರಲ್ಲಿತ್ತು: ಅಧಿಕಾರಿ ತನಗೆ ತೋಚಿದ ಯಾವುದೇ ಯುರೋಪಿಯನ್ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು, ಅದನ್ನು ಬರೆಯಲಾರದವರಿಗೆ ಪ್ರವೇಶವಿರಲಿಲ್ಲ. ಇಂಗ್ಲಿಷ್ ಬಲ್ಲ ಭಾರತೀಯನಿಗೂ ಅವನು ಕೇಳಿಯೇ ಇರದ ಬೇರೊಂದು ಭಾಷೆಯಲ್ಲಿ ಪರೀಕ್ಷೆ ಒಡ್ಡಲು ಅವಕಾಶವಿದ್ದುದರಿಂದ ತೇರ್ಗಡೆಯಾಗುವ ದಾರಿಯೇ ಮುಚ್ಚಿಹೋಗಿತ್ತು. 'ಶ್ವೇತ ಆಸ್ಟ್ರೇಲಿಯ ನೀತಿ' ಎಂದು ಕರೆಯಲಾಗುವ ಈ ವ್ಯವಸ್ಥೆಯ ಉಕ್ತಲೇಖನ ಪರೀಕ್ಷೆ 1958ರಲ್ಲಿ ರದ್ದಾಯಿತು, 1966ರಲ್ಲಿ ನಿಯಮಗಳು ಸಡಿಲಗೊಂಡವು, 1973ರಲ್ಲಿ ಪ್ರಧಾನಿ ಗಾಫ್ ವಿಟ್ಲಮ್ ಅವರ ಸರ್ಕಾರ ಅದರ ಕೊನೆಯ ಅವಶೇಷಗಳನ್ನು ಕಿತ್ತುಹಾಕಿತು. 1975ರಲ್ಲಿ ಜನಾಂಗೀಯ ತಾರತಮ್ಯವನ್ನು ನಿಷೇಧಿಸುವ ಕಾಯಿದೆಯೂ ಬಂತು.

ಆ ವಿಟ್ಲಮ್ ವಾಸವಾಗಿದ್ದುದು ಇದೇ ಕ್ಯಾಬ್ರಮಟ್ಟದಲ್ಲಿ. ಆಲ್ಬರ್ಟ್ ಸ್ಟ್ರೀಟಿನ ಸರಳವಾದ ಮನೆಯಲ್ಲಿ 1957ರಿಂದ ಅವರ ಸಂಸಾರವಿತ್ತು, 1972ರ ಚುನಾವಣೆಯ ಗೆಲುವನ್ನು ಅವರು ಬರಮಾಡಿಕೊಂಡದ್ದೂ ಅಲ್ಲಿಯೇ. ಆ ಮನೆಯನ್ನು ಈಗ ವಿಶ್ವವಿದ್ಯಾಲಯದ ಆಶ್ರಯದಲ್ಲಿರುವ ವಿಟ್ಲಮ್ ಇನ್‌ಸ್ಟಿಟ್ಯೂಟ್ ಕಾಪಾಡುತ್ತಿದ್ದು, ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋದರೆ ಒಳಗೆ ನೋಡಬಹುದು. ಪ್ರಧಾನಿಯೊಬ್ಬರ ಮನೆ ಎಂದೊಡನೆ ಭಾರತೀಯರ ಕಣ್ಣಮುಂದೆ ಬರುವ ಬಂಗಲೆಯ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾಧಾರಣ ನೌಕರವರ್ಗದ ನೆರೆಹೊರೆಯ ನಡುವೆ ನೌಕರವರ್ಗದ ಮನೆಯಂತೆಯೇ ಅದು ನಿಂತಿದೆ. ಆದರೆ ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡಬಾರದು. ಬಾಗಿಲಿನ ಚಿಲಕ ತೆಗೆದವರು ವಿಟ್ಲಮ್ ಆದರೂ 1975ರ ಏಪ್ರಿಲ್ 30ರಂದು ಸೈಗಾನ್ ಪತನಗೊಂಡಾಗ ವಿಯೆಟ್ನಾಮಿನ ನಿರಾಶ್ರಿತರನ್ನು ಬರಮಾಡಿಕೊಳ್ಳಲು ಅವರ ಸರ್ಕಾರ ಹಿಂಜರಿಯಿತು. ಬಾಗಿಲನ್ನು ಅಗಲವಾಗಿ ತೆರೆದವರು ಅವರ ರಾಜಕೀಯ ಎದುರಾಳಿ, ಮುಂದಿನ ಪ್ರಧಾನಿ ಮಾಲ್ಕಮ್ ಫ್ರೇಸರ್. 1976ರ ಏಪ್ರಿಲಿನಲ್ಲಿ ಕೇವಲ ಐದು ಜನರನ್ನು ಹೊತ್ತ 'ಕಿಯೆನ್ ಜಾಂಗ್' ಎಂಬ ಮೀನುಗಾರಿಕೆಯ ದೋಣಿ ಡಾರ್ವಿನ್ ಬಂದರಿಗೆ ಬಂದು ನಿಂತಿತು, ಆಮೇಲೆ ಇನ್ನಷ್ಟು ದೋಣಿಗಳು ಬಂದವು, ಮಲೇಷ್ಯ ಮುಂತಾದೆಡೆಯ ಶಿಬಿರಗಳಲ್ಲಿದ್ದ ಸಾವಿರಾರು ಜನರನ್ನು ವಿಮಾನದಲ್ಲಿ ಕರೆತರಲಾಯಿತು. ಎರಡು ಪಕ್ಷಗಳು ಎರಡು ಕಾಲದಲ್ಲಿ ಮಾಡಿದ ಕೆಲಸ ಒಂದೇ ಬಡಾವಣೆಯ ಬದುಕಿನಲ್ಲಿ ಬಂದು ಕೂಡಿದ್ದು ಹೀಗೆ.

ಅವರೆಲ್ಲ ಕ್ಯಾಬ್ರಮಟ್ಟವನ್ನೇ ಏಕೆ ಆರಿಸಿಕೊಂಡರು ಎಂಬ ಪ್ರಶ್ನೆಗೆ ಉತ್ತರ ಸರಳ: ಮೊದಲಲ್ಲಿ ಆರಿಸಿಕೊಂಡವರು ಅವರಲ್ಲ. ಎರಡನೆಯ ಮಹಾಯುದ್ಧದ ನಂತರ ಯುರೋಪಿನಿಂದ ಬಂದ ಕುಟುಂಬಗಳಿಗಾಗಿ ಕ್ಯಾಬ್ರಮಟ್ಟದಲ್ಲೂ ಪಕ್ಕದ ವಿಲ್ಲಾವುಡ್‌ನಲ್ಲೂ ಸರ್ಕಾರ ವಲಸಿಗರ ಹಾಸ್ಟೆಲುಗಳನ್ನು, ಎಂದರೆ ಹೊಸದಾಗಿ ಬಂದವರು ಕೆಲಸ ಮತ್ತು ಮನೆ ಸಿಗುವವರೆಗೆ ತಂಗುವ ವಸತಿಗಳನ್ನು ನಡೆಸುತ್ತಿತ್ತು. ಅರ್ಧ ಕೊಳವೆಯಂತೆ ಬಾಗಿದ ತಗಡಿನ ಶೆಡ್ಡುಗಳಲ್ಲಿ ಮೊದಲು ಪೋಲಂಡ್, ಯುಗೋಸ್ಲಾವಿಯ, ಇಟಲಿ ಮುಂತಾದ ದೇಶಗಳವರು ಬಂದು ಉಳಿದರು, ಎಪ್ಪತ್ತರ ದಶಕದ ಕೊನೆಗೆ ಈ ಸುತ್ತಿನ ಹಾಸ್ಟೆಲುಗಳಿಗೆ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್‌ಗಳ ಜನ ಬಂದರು. ಹಾಸ್ಟೆಲು ಬಿಟ್ಟು ಹೊರಬಂದವರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಅಗ್ಗದ ಬಾಡಿಗೆ ಮನೆಗಳಿದ್ದವು, ರೈಲು ನಿಲ್ದಾಣವಿತ್ತು, ಇಂಗ್ಲಿಷ್ ಬಾರದವರಿಗೂ ಕೆಲಸ ಕೊಡುವ ಕಾರ್ಖಾನೆಗಳು ಪಶ್ಚಿಮ ಸಿಡ್ನಿಯಲ್ಲಿದ್ದವು. ಒಬ್ಬರು ಅಂಗಡಿ ತೆರೆದರು, ಅದರ ಪಕ್ಕದಲ್ಲಿ ಅವರ ಭಾಷೆಯ ವೈದ್ಯರು ಬಂದರು, ವೈದ್ಯರಿದ್ದಾರೆಂದು ಇನ್ನೊಂದು ಸಂಸಾರ ಬಂತು. ವಲಸಿಗರು ಒಂದೆಡೆ ಗುಂಪಾಗಿ ನೆಲೆಸುವುದನ್ನು ಬೆರೆಯಲೊಲ್ಲದ ಹಟವೆಂದು ಹಳಿಯುವವರು ಅಲ್ಲಿಯೂ ಇದ್ದರು, ಈಗಲೂ ಇದ್ದಾರೆ. ಆದರೆ ಭಾಷೆ ತಿಳಿಯದ ದೇಶದಲ್ಲಿ ಜ್ವರ ಬಂದ ಮಗುವನ್ನು ಎತ್ತಿಕೊಂಡ ತಾಯಿಗೆ ಬೇಕಾಗುವುದು ತನ್ನ ಮಾತು ತಿಳಿಯುವ ಒಬ್ಬ ನೆರೆಯವರು ಎಂಬುದನ್ನು ಅಂಥ ಟೀಕೆ ಮರೆಯುತ್ತದೆ.

ಕ್ಯಾಬ್ರಮಟ್ಟಕ್ಕೆ ರೈಲಿನಲ್ಲಿಯೇ ಹೋಗುವುದು ಒಳ್ಳೆಯದು. ಸೆಂಟ್ರಲ್ ನಿಲ್ದಾಣದಿಂದ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಹಾದಿ. ಕನ್ನಡಿಗರು ಹೆಚ್ಚಾಗಿರುವ ಪಶ್ಚಿಮದ ಬಡಾವಣೆಗಳಿಂದ ಬರುವವರಿಗೆ ಪರಮಟ್ಟದಿಂದ ನೇರ ರೈಲಿದೆ. ಬೆಳಿಗ್ಗೆ ಎಂಟೂವರೆ ಒಂಬತ್ತರ ಹೊತ್ತಿಗೆ ಇಳಿದರೆ ಸರಿಯಾದ ಸಮಯ, ಏಕೆಂದರೆ ಇದು ಬೆಳಗಿನ ಪೇಟೆ. ಸಂಜೆಯಾಗುತ್ತಿದ್ದಂತೆ ತರಕಾರಿ ಅಂಗಡಿಗಳು ಬಾಗಿಲು ಹಾಕತೊಡಗುತ್ತವೆ. ನಿಲ್ದಾಣದಿಂದ ಹೊರಬಂದು ಜಾನ್ ಸ್ಟ್ರೀಟಿಗೆ ಹೊರಳಿದೊಡನೆ ಎರಡೂ ಬದಿ ಹಣ್ಣು ತರಕಾರಿಯ ಪೆಟ್ಟಿಗೆಗಳು, ನೀರಿನ ತೊಟ್ಟಿಗಳಲ್ಲಿ ಜೀವಂತ ಏಡಿ ಮೀನುಗಳು, ಚಿನ್ನದ ಅಂಗಡಿಗಳು, ಗಿಡಮೂಲಿಕೆಯ ಔಷಧದ ಅಂಗಡಿಗಳು, ಥಾನುಗಟ್ಟಲೆ ಬಟ್ಟೆ ಹರಡಿಕೊಂಡ ಮಳಿಗೆಗಳು ಕಾಣುತ್ತವೆ. ಈ ಬಟ್ಟೆ ಅಂಗಡಿಗಳು ಸಿಡ್ನಿಯಲ್ಲೆಲ್ಲ ಪ್ರಸಿದ್ಧ, ಹೊಲಿಗೆ ಬಲ್ಲವರು ದೂರದಿಂದ ಬರುತ್ತಾರೆ. ಬೀದಿಯಿಂದ ಬೀದಿಗೆ ದಾಟಿಸುವ ಒಳದಾರಿಗಳಂಥ ಆರ್ಕೇಡುಗಳು ಹಲವಿದ್ದು, ಅವುಗಳೊಳಗೆ ದಾರಿ ತಪ್ಪಿದರೂ ಹೊರಬರುವುದು ಇನ್ನೊಂದು ತರಕಾರಿ ಅಂಗಡಿಯ ಮುಂದೆಯೇ.

ಆ ತರಕಾರಿ ಅಂಗಡಿಯ ಮುಂದೆ ನಿಧಾನವಾಗಿ ನಿಲ್ಲಬೇಕು. ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಟ್ಟ ಸೊಪ್ಪಿನ ರಾಶಿಯಲ್ಲಿ ಕರಾವಳಿ ಮಲೆನಾಡುಗಳ ಹಿತ್ತಲೇ ಎದುರಾಗುತ್ತದೆ. ದಪ್ಪ ಎಲೆಯ ಬಸಳೆಯನ್ನು ವಿಯೆಟ್ನಾಮಿನವರು ಬೇಸಿಗೆಯಲ್ಲಿ ತಿಳಿಸಾರಿಗೆ ಹಾಕುತ್ತಾರೆ. ಹರಿವೆ ಸೊಪ್ಪು ಕೆಂಪು ಹಸಿರು ಎರಡು ಬಗೆಯಲ್ಲಿದೆ. ಬಾಳೆಯ ಹೂವು, ಹೀರೆ, ಹಾಗಲ, ಬೂದುಗುಂಬಳ, ಎಳೆ ಹಲಸು ಎಲ್ಲವೂ ಇವೆ. ರೋಮರೋಮವಾದ ದಪ್ಪ ಎಲೆಯನ್ನು ಚಿವುಟಿ ಮೂಸಿದರೆ ಅದು ದೊಡ್ಡಪತ್ರೆ: ಕೆಮ್ಮಿದ ಮಕ್ಕಳಿಗೆ ಅಲ್ಲಿನ ಅಜ್ಜಿಯರು ಅದನ್ನು ಕಲ್ಲುಸಕ್ಕರೆಯೊಡನೆ ಹಬೆಯಲ್ಲಿ ಬೇಯಿಸಿ ರಸ ಕುಡಿಸುತ್ತಾರೆ, ಇಲ್ಲಿನ ಅಜ್ಜಿಯರು ಬಾಡಿಸಿ ಹಿಂಡಿ ಜೇನಿನಲ್ಲಿ ನೆಕ್ಕಿಸುತ್ತಾರೆ. ಕೆಸುವಿನ ಹತ್ತಿರದ ಜಾತಿಯ, ಸ್ಪಂಜಿನಂತೆ ಹಗುರವಾದ ದಂಟನ್ನು ಹುಣಸೆಹುಳಿ, ಟೊಮೆಟೊ, ಅನಾನಸುಗಳೊಡನೆ ಕುದಿಸಿ 'ಕಾನ್ ಚುವಾ' ಎಂಬ ಹುಳಿಸಾರು ಮಾಡುವುದು ದಕ್ಷಿಣ ವಿಯೆಟ್ನಾಮಿನ ಮನೆಮನೆಯ ಅಡುಗೆ. ಅದರಲ್ಲಿ ಮೀನು ಬೀಳುತ್ತದೆಂಬುದನ್ನು ಬಿಟ್ಟರೆ ಕೆಸುವನ್ನು ಹುಳಿಯಿಲ್ಲದೆ ಬೇಯಿಸಬಾರದೆಂಬ ತುಳುನಾಡಿನ ಅಡುಗೆಮನೆಯ ತಿಳಿವಳಿಕೆಯೇ ಅಲ್ಲಿಯೂ ಇದ್ದಂತಿದೆ. ವೀಳ್ಯದೆಲೆ ಮತ್ತು ಹಸಿ ಅಡಿಕೆಯೂ ಕಾಣಸಿಗುವುದುಂಟು, ಏಕೆಂದರೆ ವಿಯೆಟ್ನಾಮಿನ ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಒಯ್ಯುವ ತಟ್ಟೆಗಳಲ್ಲಿ ತಾಂಬೂಲಕ್ಕೆ ಮೊದಲ ಸ್ಥಾನ.

ಎಲ್ಲಕ್ಕಿಂತ ಹತ್ತಿರದ ಪರಿಚಯದ ಎಲೆ ಒಂದೆಲಗ. ಬ್ರಾಹ್ಮಿಯೆಂದು ಮಲೆನಾಡಿನಲ್ಲಿ, ತಿಮರೆಯೆಂದು ತುಳುವಿನಲ್ಲಿ ಕರೆಯುವ, ಗದ್ದೆಯಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಈ ಬಳ್ಳಿಯ ವಿಯೆಟ್ನಾಮಿ ಹೆಸರು 'ರಾವ್ ಮಾ'. ಕ್ಯಾಬ್ರಮಟ್ಟದಲ್ಲಿ ಕಬ್ಬಿನ ಹಾಲು ಮಾರುವ ಗೂಡಿನಂಥ ಅಂಗಡಿಗಳಲ್ಲಿ ಇದರ ಹಸಿ ರಸವೂ ಸಿಗುತ್ತದೆ. ತೊಳೆದ ಎಲೆಯನ್ನು ದಂಟುಸಹಿತ ನೀರು ಸಕ್ಕರೆಗಳೊಡನೆ ಅರೆದು, ಸೋಸಿ, ಮಂಜುಗಡ್ಡೆ ತುಂಬಿದ ಎತ್ತರದ ಲೋಟಕ್ಕೆ ಸುರಿದುಕೊಡುತ್ತಾರೆ. ಮೇಲೆ ತಿಳಿಹಸಿರು ನೊರೆ, ಕೆಳಗೆ ಗಾಢ ಹಸಿರು, ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ಹಸಿ ಮಣ್ಣಿನ ವಾಸನೆಯೊಡನೆ ನಾಲಗೆಯ ಹಿಂಬದಿಯಲ್ಲಿ ಉಳಿಯುವ ಸಣ್ಣ ಒಗರು. ಮಜ್ಜಿಗೆ, ಜೀರಿಗೆ, ಕಾಯಿತುರಿ ಕೂಡಿದ ತಂಬುಳಿಯಲ್ಲಿ ಮಾತ್ರ ಆ ಒಗರನ್ನು ಬಲ್ಲವರಿಗೆ ಅದು ಸಕ್ಕರೆಯೊಡನೆ ಬೇರೆಯೇ ಆಗಿ ಕಾಣುತ್ತದೆ. ದೇಹದ ಉಷ್ಣವನ್ನು ಇಳಿಸುತ್ತದೆ ಎಂಬ ನಂಬಿಕೆ ಮಾತ್ರ ಎರಡು ಕಡೆಯೂ ಒಂದೇ. ಕಬ್ಬಿನ ಹಾಲಿನಲ್ಲೂ ಇಂಥದೇ ಒಂದು ಸಣ್ಣ ವ್ಯತ್ಯಾಸವಿದೆ: ನಮ್ಮಲ್ಲಿ ಶುಂಠಿ ನಿಂಬೆ ಸೇರಿಸಿದರೆ ಅಲ್ಲಿ ಬೆರಳಗಾತ್ರದ, ಸಿಪ್ಪೆಸಹಿತ ಹಿಂಡುವ ಕುಮ್ಕ್ವಾಟ್ ಎಂಬ ಕಿತ್ತಳೆ ಜಾತಿಯ ಹಣ್ಣನ್ನು ಜಲ್ಲೆಯೊಡನೆ ಗಾಣಕ್ಕೆ ಕೊಡುತ್ತಾರೆ.

ಈ ಸೊಪ್ಪುಗಳಿಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಆಸ್ಟ್ರೇಲಿಯದ ಜೈವಿಕ ಸುರಕ್ಷತೆಯ ನಿಯಮಗಳು, ಎಂದರೆ ಹೊರಗಿನ ಕೀಟ ರೋಗಗಳು ದೇಶದ ಬೆಳೆಗೆ ತಗುಲದಂತೆ ತಡೆಯುವ ಕಟ್ಟಳೆಗಳು, ಬಹಳ ಬಿಗಿ. ಹಸಿ ಎಲೆ, ಬೀಜ, ಹಣ್ಣುಗಳನ್ನು ಪ್ರಯಾಣಿಕರು ಘೋಷಿಸದೆ ತಂದರೆ ವಿಮಾನ ನಿಲ್ದಾಣದಲ್ಲಿ ದಂಡ ತೆರಬೇಕಾಗುತ್ತದೆ. ಮಗಳಿಗೆಂದು ಕರಿಬೇವು ಕಟ್ಟಿಕೊಂಡು ಹೋಗುವ ತಾಯಂದಿರು ಇದನ್ನು ಮುಂಚೆಯೇ ತಿಳಿದಿರುವುದು ಮೇಲು. ಹಾಗಾಗಿ ಅಂಗಡಿಯ ಮುಂದೆ ಕಾಣುವ ಹೆಚ್ಚಿನ ಹಸಿ ಸೊಪ್ಪಿನ ಹಿಂದೆ ಅದನ್ನು ಆ ಮಣ್ಣಿಗೆ, ಆ ಚಳಿಗಾಲಕ್ಕೆ ಒಗ್ಗಿಸಿದ ಒಬ್ಬ ಬೆಳೆಗಾರನ ಶ್ರಮವಿದೆ. ಸಿಡ್ನಿಯ ಹೊರಭಾಗದ ತೋಟಗಳಲ್ಲಿ ಕೆಲಸ ಮಾಡುವವರಲ್ಲಿ ವಿಯೆಟ್ನಾಂ, ಕಾಂಬೋಡಿಯ, ಚೀನಾ ಮೂಲದವರು ಅನೇಕರು. ಮನೆಯ ಹಿತ್ತಲಿನಲ್ಲಿ ನಾಲ್ಕು ಪಾತಿ ಮಾಡಿ ಬೆಳೆದದ್ದನ್ನು ಕಾಲುದಾರಿಯ ಬದಿಯಲ್ಲಿ ಹರಡಿ ಕುಳಿತ ವಯಸ್ಸಾದ ಹೆಂಗಸರೂ ಕಣ್ಣಿಗೆ ಬೀಳುತ್ತಾರೆ. ಅವರ ಬಳಿ ಸೊಪ್ಪಿನ ಹೆಸರು ಕೇಳಿ, ನಮ್ಮಲ್ಲಿಯೂ ಇದು ಇದೆ ಎಂದು ಕೈಸನ್ನೆಯಲ್ಲಾದರೂ ತಿಳಿಸುವುದು ಈ ಬಡಾವಣೆಯಲ್ಲಿ ಮಾಡಬಹುದಾದ ಅತ್ಯುತ್ತಮ ಕೆಲಸಗಳಲ್ಲೊಂದು. ಕೇಳದೆ ಮುಖದ ಮುಂದೆ ಫೋನು ಹಿಡಿದು ಚಿತ್ರ ತೆಗೆಯುವುದು ಅತ್ಯಂತ ಕೆಟ್ಟದ್ದು.

ಊಟದ ವಿಚಾರಕ್ಕೆ ಬಂದರೆ ಕ್ಯಾಬ್ರಮಟ್ಟದ ಕೀರ್ತಿ ನಿಂತಿರುವುದು 'ಫೋ' ಎಂಬ ತಿನಿಸಿನ ಮೇಲೆ: ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿ ಈರುಳ್ಳಿಗಳೊಡನೆ ದನದ ಮೂಳೆಯನ್ನು ಗಂಟೆಗಟ್ಟಲೆ ಕಾಯಿಸಿ ತೆಗೆದ ತಿಳಿಸಾರಿನಲ್ಲಿ ಅಕ್ಕಿಯ ಶಾವಿಗೆ. ಸಸ್ಯಾಹಾರಿಗಳು ಇದನ್ನು ಕೇಳಿಯೇ ಹಿಂದೆ ಸರಿಯುತ್ತಾರೆ, ಆದರೆ ಸರಿಯಬೇಕಾಗಿಲ್ಲ. ಮಹಾಯಾನ ಬೌದ್ಧರಾದ ಅನೇಕ ವಿಯೆಟ್ನಾಮಿಗಳು ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ, ಎಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳಂದು, ಮಾಂಸ ಮುಟ್ಟುವುದಿಲ್ಲ. ಆ ಆಚರಣೆಯಿಂದ ಬೆಳೆದ ಶುದ್ಧ ಸಸ್ಯಾಹಾರದ ಅಡುಗೆಗೆ 'ಚಾಯ್' ಎಂದು ಹೆಸರು, ಅದನ್ನು ಚಹಾ ಎಂದು ತಿಳಿಯಬಾರದು. ಫಲಕದ ಮೇಲೆ ಆ ಪದವಿದ್ದರೆ ಒಳಗೆ ಹೋಗಬಹುದು. ಉಳಿದ ಕಡೆ ಬರಿಯ ತರಕಾರಿ ಎಂದು ಕೇಳಿದರೆ ಸಾಲದು, ಏಕೆಂದರೆ ಉಪ್ಪಿನಲ್ಲಿ ಕೊಳೆಹಾಕಿದ ಮೀನಿನಿಂದ ತೆಗೆದ ರಸ ಅಲ್ಲಿನ ಅಡುಗೆಗೆ ನಮ್ಮ ಒಗ್ಗರಣೆಯಷ್ಟೇ ಸಹಜ, ಅದು ತರಕಾರಿಗೂ ಬೀಳುತ್ತದೆ. ಅಕ್ಕಿಹಿಟ್ಟಿಗೆ ಅರಿಸಿನ, ಕಾಯಿಹಾಲು ಬೆರೆಸಿ ಬಿಸಿ ಬಾಣಲೆಗೆ ಹುಯ್ಯುವ 'ಬಾನ್ ಸೆಯೋ' ಹೆಸರಿನಲ್ಲಿಯೇ ಸದ್ದಿದೆ: ಸೆಯೋ ಎಂದರೆ ಹಿಟ್ಟು ಕಾವಲಿಗೆ ಬಿದ್ದಾಗ ಬರುವ ಚುಂಯ್ ಎಂಬ ಶಬ್ದ. ನೀರುದೋಸೆಯ ತೆಳುವನ್ನೂ ಗರಿಗರಿ ದೋಸೆಯ ಅಂಚನ್ನೂ ಒಟ್ಟಿಗೆ ಪಡೆದ ಈ ತಿನಿಸನ್ನು ಮುರಿದು, ಹಸಿ ಎಲೆಗಳಲ್ಲಿ ಸುತ್ತಿ ತಿನ್ನುತ್ತಾರೆ, ಅದರ ಸಸ್ಯಾಹಾರಿ ರೂಪವೂ ಚಾಯ್ ಅಂಗಡಿಗಳಲ್ಲಿದೆ.

ಕಾಫಿಯನ್ನು ಬಿಟ್ಟು ಬರುವಂತಿಲ್ಲ. ಫ್ರೆಂಚರು ವಿಯೆಟ್ನಾಮಿಗೆ ಒಯ್ದ ಕಾಫಿಗೆ ಹಸಿ ಹಾಲು ಸುಲಭವಾಗಿ ಸಿಗದಿದ್ದಾಗ ಡಬ್ಬಿಯ ಗಟ್ಟಿಹಾಲು ಜೊತೆಯಾಯಿತು, ಆ ರೂಢಿ ದೋಣಿ ಹತ್ತಿ ಕ್ಯಾಬ್ರಮಟ್ಟಕ್ಕೂ ಬಂತು. 'ಫಿನ್' ಎಂಬ ಪುಟ್ಟ ತಗಡಿನ ಫಿಲ್ಟರನ್ನು ಲೋಟದ ಬಾಯಿಯ ಮೇಲೆಯೇ ಕೂರಿಸಿಕೊಡುತ್ತಾರೆ. ತಳದಲ್ಲಿ ಬೆರಳಷ್ಟು ಎತ್ತರಕ್ಕೆ ಸಿಹಿ ಗಟ್ಟಿಹಾಲು, ಅದರ ಮೇಲೆ ಒಂದೊಂದೇ ತೊಟ್ಟಾಗಿ ಇಳಿಯುವ ಕಪ್ಪು ಡಿಕಾಕ್ಷನ್ನು. ಎರಡೂ ಬೆರೆಯದೆ ಗೆರೆ ಕೊರೆದಂತೆ ನಿಂತಿರುತ್ತವೆ, ಐದು ನಿಮಿಷ ಕಾದು ಕಲಕಿ ಮಂಜುಗಡ್ಡೆಗೆ ಸುರಿಯಬೇಕು. ರಾತ್ರಿಯೇ ಡಿಕಾಕ್ಷನ್ನು ಇಳಿಸಿಡುವ ಮೈಸೂರಿನ ಮನೆಗಳವರಿಗೆ ಈ ಕಾಯುವಿಕೆ ಹೊಸದಲ್ಲ.

ಆದರೆ ಕ್ಯಾಬ್ರಮಟ್ಟವನ್ನು ಬರಿಯ ಊಟದ ಊರೆಂದು ನೋಡಿ ಮರಳುವುದು ಅರ್ಧ ನೋಟ. ಪೇಟೆಯ ನಡುವೆ ಫ್ರೀಡಂ ಪ್ಲಾಜಾ ಎಂಬ ಕಾಲ್ನಡಿಗೆಯ ಚೌಕವಿದ್ದು, ಅದರ ಬಾಯಲ್ಲಿ 1991ರಲ್ಲಿ ನಿಲ್ಲಿಸಿದ 'ಪೈಲೌ', ಎಂದರೆ ಚೀನೀ ಮಾದರಿಯ ಬಣ್ಣದ ಮಹಾದ್ವಾರವಿದೆ. ಅದರ ಮೇಲೆ ಹಲವು ಭಾಷೆಗಳಲ್ಲಿ ಸ್ವಾತಂತ್ರ್ಯದ ಮಾತುಗಳನ್ನು ಬರೆಸಲಾಗಿದೆ, ಕೆಳಗೆ ಹಿರಿಯ ಗಂಡಸರು ಚೀನೀ ಚದುರಂಗದ ಮಣೆಯ ಸುತ್ತ ಗುಂಪುಗೂಡುತ್ತಾರೆ. ದ್ವಾರ ಎದ್ದ ಕೆಲವೇ ವರ್ಷಗಳಲ್ಲಿ ಈ ಚೌಕದ ಹೆಸರು ದೇಶದ ಪತ್ರಿಕೆಗಳಲ್ಲಿ ಹೆರಾಯಿನ್ ಎಂಬ ಮಾದಕವಸ್ತುವಿನ ಜೊತೆಯಲ್ಲಿ ಬರತೊಡಗಿತು. ಯುದ್ಧ, ಶಿಬಿರಗಳ ನಡುವೆ ಓದು ಕಳೆದುಕೊಂಡು, ಕೆಲವರು ತಂದೆತಾಯಿಯೂ ಇಲ್ಲದೆ ಬಂದ ಹುಡುಗರು, ಕಾರ್ಖಾನೆಗಳು ಮುಚ್ಚುತ್ತಿದ್ದ ಕಾಲದಲ್ಲಿ ಗುಂಪು ಕಟ್ಟಿಕೊಂಡರು. ಪೊಲೀಸರಿಗೂ ನಿವಾಸಿಗಳಿಗೂ ನಡುವೆ ಭಾಷೆಯೂ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. 1994ರ ಸೆಪ್ಟೆಂಬರ್ 5ರಂದು, ಈ ಗುಂಪುಗಳ ವಿರುದ್ಧ ದನಿಯೆತ್ತಿದ್ದ ಸ್ಥಳೀಯ ಶಾಸಕ ಜಾನ್ ನ್ಯೂಮನ್ ಅವರನ್ನು ಮನೆಯ ಅಂಗಳದಲ್ಲಿ ಗುಂಡಿಟ್ಟು ಕೊಲ್ಲಲಾಯಿತು; ಅವರ ರಾಜಕೀಯ ಪ್ರತಿಸ್ಪರ್ಧಿಯಾಗಿದ್ದ ಸ್ಥಳೀಯ ನಾಯಕನೊಬ್ಬನಿಗೆ 2001ರಲ್ಲಿ ಶಿಕ್ಷೆಯಾಯಿತು. ಅದೇ ವರ್ಷ ರಾಜ್ಯದ ಶಾಸನಸಭೆಯ ಸಮಿತಿ ಕ್ಯಾಬ್ರಮಟ್ಟದ ಪೊಲೀಸು ವ್ಯವಸ್ಥೆಯ ಲೋಪಗಳ ಬಗ್ಗೆ ವರದಿ ಕೊಟ್ಟಿತು, ಆ ವಿಚಾರಣೆಗೆ ಒತ್ತಾಯಿಸಿ ಸಾಕ್ಷಿ ನುಡಿದವರಲ್ಲಿ ಅಲ್ಲಿನ ಅಂಗಡಿಕಾರರೂ ತಾಯಂದಿರೂ ಇದ್ದರು.

ಇಂದು ಆ ಚೌಕದಲ್ಲಿ ಮಕ್ಕಳನ್ನು ಓಡಾಡಲು ಬಿಟ್ಟು ಅಜ್ಜಿಯರು ಕುಳಿತಿರುತ್ತಾರೆ. ಅಪಾಯದ ಊರು ರುಚಿಯ ಊರಾಯಿತು ಎಂಬ ಒಂದು ಸಾಲಿನ ಕಥೆಯನ್ನು ಪ್ರವಾಸದ ಬರಹಗಳು ಬಹಳ ಇಷ್ಟಪಡುತ್ತವೆ, ಆದರೆ ಆ ಸಾಲಿನಲ್ಲಿ ಊರನ್ನು ಹಿಂದಕ್ಕೆ ಪಡೆದವರ ಹೆಸರಿಗೆ ಜಾಗವಿಲ್ಲ. ಅಪಾಯದ ದಿನಗಳಲ್ಲೂ ಮುಂಜಾವಿನಲ್ಲಿ ಅಂಗಡಿಯ ಬಾಗಿಲೆತ್ತಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದವರು ಇದೇ ಜನ. ಸೈಗಾನಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ನಿರಾಶ್ರಿತೆಯಾಗಿ ಬಂದ ದಾಯ್ ಲೇ ಎಂಬ ಮಹಿಳೆ 2022ರಲ್ಲಿ ಈ ಭಾಗದ ಫೌಲರ್ ಕ್ಷೇತ್ರದಿಂದ ಪಕ್ಷೇತರರಾಗಿ ರಾಷ್ಟ್ರೀಯ ಸಂಸತ್ತಿಗೆ ಆಯ್ಕೆಯಾದರು, ಆಸ್ಟ್ರೇಲಿಯದ ಧ್ವಜದ ಚಿತ್ರವಿದ್ದ ವಿಯೆಟ್ನಾಮಿ ಉಡುಪು ತೊಟ್ಟು ಮೊದಲ ಭಾಷಣ ಮಾಡಿದರು. ಹತ್ತಿರದ ಕ್ಯಾಬ್ರಾವೇಲ್ ಉದ್ಯಾನದ ಯುದ್ಧ ಸ್ಮಾರಕದಲ್ಲಿ ಆಸ್ಟ್ರೇಲಿಯದ ಸೈನಿಕನೂ ದಕ್ಷಿಣ ವಿಯೆಟ್ನಾಮಿನ ಸೈನಿಕನೂ ಜೊತೆಯಲ್ಲಿ ನಿಂತಿದ್ದಾರೆ. ಊರಿನ ಸಮಾರಂಭಗಳಲ್ಲಿ ಹಳದಿಯ ಮೇಲೆ ಮೂರು ಕೆಂಪು ಪಟ್ಟಿಗಳ ಧ್ವಜ ಹಾರುವುದನ್ನು ಕಂಡರೆ ಅದು ಇಂದಿನ ವಿಯೆಟ್ನಾಂ ದೇಶದ್ದಲ್ಲ, 1975ರಲ್ಲಿ ಇಲ್ಲವಾದ ದಕ್ಷಿಣ ವಿಯೆಟ್ನಾಮಿನದು; ಈ ಎರಡನ್ನು ಒಂದೇ ಎಂದು ಅಲ್ಲಿನವರೊಡನೆ ಮಾತಾಡಿದರೆ ಮನಸ್ಸಿಗೆ ನೋವಾಗುತ್ತದೆ.

ದಿನವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಹಬ್ಬದ ಕಾಲಕ್ಕೆ ಹೋಗಬಹುದು. ಚಾಂದ್ರಮಾನದ ಎಂಟನೆಯ ತಿಂಗಳ ಹುಣ್ಣಿಮೆ, ನಮ್ಮ ಲೆಕ್ಕದಲ್ಲಿ ಭಾದ್ರಪದದ್ದೋ ಅಧಿಕಮಾಸದ ವ್ಯತ್ಯಾಸವಿದ್ದರೆ ಆಶ್ವಯುಜದ್ದೋ, ಅಲ್ಲಿ ಚಂದ್ರನ ಹಬ್ಬ. ಅದರ ಸುತ್ತಿನ ಒಂದು ಭಾನುವಾರ ನಗರಸಭೆ ಬೀದಿಗಳನ್ನೇ ಮುಚ್ಚಿ ಉತ್ಸವ ನಡೆಸುತ್ತದೆ, ಮಕ್ಕಳು ಕಾಗದದ ಕಂದೀಲು ಹಿಡಿದು ನಡೆಯುತ್ತಾರೆ. ಏಪ್ರಿಲ್ ಮಧ್ಯದಲ್ಲಿ, ತುಳುನಾಡಿನಲ್ಲಿ ಬಿಸು ಬರುವ ದಿನಗಳಲ್ಲಿಯೇ ಕಾಂಬೋಡಿಯ, ಲಾವೋಸ್‌ಗಳವರ ಹೊಸವರ್ಷ. ಸೂರ್ಯ ಮೇಷಕ್ಕೆ ಬರುವುದೇ ಎಲ್ಲದಕ್ಕೂ ಮೂಲವಾದ್ದರಿಂದ ಇದು ಕಾಕತಾಳೀಯವಲ್ಲ, ಥಾಯ್ ಜನರ 'ಸೊಂಕ್ರಾನ್' ಎಂಬ ಹೆಸರಂತೂ ಸಂಕ್ರಾಂತಿಯೇ. ಸುತ್ತಲಿನ ಬಾನಿರಿಗ್, ಎಡೆನ್ಸರ್ ಪಾರ್ಕ್ ಬಡಾವಣೆಗಳ ಬೌದ್ಧ ದೇಗುಲಗಳಲ್ಲಿ ಆಗ ಜನ ಸೇರುತ್ತಾರೆ. ವಿಯೆಟ್ನಾಮಿನ ಹೊಸವರ್ಷ 'ತೆತ್' ಬರುವುದು ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ. ದಕ್ಷಿಣ ವಿಯೆಟ್ನಾಮಿನವರ ಹಬ್ಬದಡುಗೆಯಲ್ಲಿ ತುಂಬಿದ ಹಾಗಲಕಾಯಿಯ ಸಾರು ಇರಲೇಬೇಕು: ಹಾಗಲಕ್ಕೆ ಅವರ ಮಾತಿನಲ್ಲಿ 'ಖೋ ಕ್ವಾ' ಎಂದು ಹೆಸರು, ಅದೇ ಉಚ್ಚಾರದಲ್ಲಿ 'ಕಷ್ಟ ಕಳೆಯಿತು' ಎಂಬ ಅರ್ಥವೂ ಹೊರಡುತ್ತದೆ. ಯುಗಾದಿಯ ಬೆಳಿಗ್ಗೆ ಬೇವನ್ನು ಬಾಯಿಗಿಟ್ಟುಕೊಳ್ಳುವವರಿಗೆ ಈ ಕಹಿಯ ಕಾರಣವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹ್ಯಾರಿಸ್ ಪಾರ್ಕಿನ 'ಲಿಟ್ಲ್ ಇಂಡಿಯಾ'ದಲ್ಲಿ ದೋಸೆ, ಚಾಟ್ ತಿಂದು ಬರುವುದರಲ್ಲಿ ತಪ್ಪೇನೂ ಇಲ್ಲ. ಮನೆಯ ರುಚಿ ಎಲ್ಲರಿಗೂ ಬೇಕು. ಆದರೆ ಭಾರತೀಯರು ಅಲ್ಲಿ ಈಗ ಕಟ್ಟಿಕೊಳ್ಳುತ್ತಿರುವುದನ್ನು ವಿಯೆಟ್ನಾಮಿನವರು ನಾಲ್ಕು ದಶಕ ಮೊದಲೇ, ಅದೂ ಕೈಯಲ್ಲಿ ಪದವಿಯಾಗಲಿ ಉದ್ಯೋಗದ ಆದೇಶವಾಗಲಿ ಇಲ್ಲದೆ ಕಟ್ಟಿಕೊಂಡರು. ಅದರ ಇನ್ನೊಂದು ಗುರುತು ರೈಲು ನಿಲ್ದಾಣದ ಹತ್ತಿರವಿರುವ, ವಿಟ್ಲಮ್ ಹೆಸರನ್ನೇ ಹೊತ್ತ ನಗರಸಭೆಯ ಗ್ರಂಥಾಲಯ. ಅಲ್ಲಿ ವಿಯೆಟ್ನಾಮಿ, ಚೀನೀ, ಖ್ಮೆರ್ ಮುಂತಾದ ಭಾಷೆಗಳ ಪುಸ್ತಕಗಳು ಇಂಗ್ಲಿಷಿನ ಜೊತೆಗೇ ಕಪಾಟಿನಲ್ಲಿವೆ. ವಾರಾಂತ್ಯದ ಕನ್ನಡ ತರಗತಿಗೆ ಮೊಮ್ಮಕ್ಕಳನ್ನು ಕರೆದೊಯ್ಯುವ ಅಜ್ಜ ಅಜ್ಜಿಯರು ಮಧ್ಯಾಹ್ನದ ಬಿಸಿಲಿನಲ್ಲಿ ಅಲ್ಲಿ ಅರ್ಧ ಗಂಟೆ ಕುಳಿತು, ಯಾವ ಭಾಷೆಯ ಕಪಾಟಿನ ಮುಂದೆ ಯಾವ ವಯಸ್ಸಿನವರು ನಿಂತಿದ್ದಾರೆ ಎಂದು ಗಮನಿಸಿದರೆ ಸಾಕು.

ಮರಳುವ ಮುನ್ನ ಒಂದು ಕಟ್ಟು ಒಂದೆಲಗ ಕೊಳ್ಳುವುದನ್ನು ಮರೆಯಬಾರದು. ಬೆಲೆ ಬರೆದಿರುತ್ತದೆ, ಚೌಕಾಸಿಯ ರೂಢಿಯಿಲ್ಲ, ಚಿಕ್ಕ ಅಂಗಡಿಗಳಲ್ಲಿ ಕೊಡಲು ಕೈಯಲ್ಲಿ ಸ್ವಲ್ಪ ನಗದು ಇರುವುದು ಒಳ್ಳೆಯದು. ಎಲೆಗಳು ಆ ರಾತ್ರಿಯ ತಂಬುಳಿಗಾಗುತ್ತವೆ. ಗಿಣ್ಣಿನಲ್ಲಿ ಬೇರಿನ ಬಿಳಿ ಎಳೆ ಉಳಿದಿರುವ ನಾಲ್ಕು ದಂಟುಗಳನ್ನು ಆರಿಸಿ, ಬಾಲ್ಕನಿಯ ಅಗಲವಾದ ಕುಂಡದ ಒದ್ದೆಮಣ್ಣಿಗೆ ಅಡ್ಡಲಾಗಿ ಒತ್ತಿ, ಬಿಸಿಲು ನೇರ ಬೀಳದಂತೆ ಇಟ್ಟು ಮಣ್ಣು ಆರದಂತೆ ನೋಡಿಕೊಂಡರೆ ಕೆಲವು ವಾರಗಳಲ್ಲಿ ಮೊದಲ ದುಂಡನೆಯ ಎಲೆ ಮೇಲೇಳುತ್ತದೆ. ಅಜ್ಜ ಅಜ್ಜಿ ಊರಿಗೆ ಹೊರಡುವ ಹೊತ್ತಿಗೆ ಬಳ್ಳಿ ಕುಂಡದ ಅಂಚನ್ನು ದಾಟಿರುತ್ತದೆ.